ರೊಕ್ಕ ಮೊದಲು, ವಿದ್ಯಾರ್ಥಿವೇತನ ಆಮೇಲೆ

ಬಡವರ ಮಕ್ಕಳ ಓದಿಗೆ ನಮ್ಮ ಸರ್ಕಾರಗಳು ಏನೂ ಮಾಡಿಲ್ಲ ಎಂಬ ಮಾತನ್ನು ನಾನು ಒಪ್ಪುವವನಲ್ಲ. ಮೆಟ್ರಿಕ್ ನಂತರದ ವಿದ್ಯಾರ್ಥಿವೇತನ ಈ ದೇಶದಲ್ಲಿ ಸ್ವಾತಂತ್ರ್ಯಕ್ಕೂ ಮೊದಲು, 1944ರಲ್ಲಿ, ಪರಿಶಿಷ್ಟ ಜಾತಿಯ ಮಕ್ಕಳಿಗಾಗಿ ಶುರುವಾಯಿತು. ಆಮೇಲೆ ಅದಕ್ಕೆ ಎಷ್ಟೋ ತಮ್ಮಂದಿರು ತಂಗಿಯರು ಹುಟ್ಟಿಕೊಂಡರು. ಹಿಂದುಳಿದ ವರ್ಗದವರಿಗೆ ಶುಲ್ಕ ಮರುಪಾವತಿ ಇದೆ. ಹಾಸ್ಟೆಲಿನಲ್ಲಿ ಜಾಗ ಸಿಗದವರಿಗೆಂದು 2013ರಲ್ಲಿ ಬಂದ ವಿದ್ಯಾಸಿರಿ ಇದೆ. ಬ್ಯಾಂಕಿನಲ್ಲಿ ಶಿಕ್ಷಣ ಸಾಲ ಇದೆ, ಆ ಸಾಲದ ಬಡ್ಡಿಗೆ ಸಹಾಯಧನವೂ ಇದೆ. ಪಟ್ಟಿಯನ್ನು ಓದಿದರೇ ಅರ್ಧ ಹೊಟ್ಟೆ ತುಂಬುತ್ತದೆ. ಆದ್ದರಿಂದ ನನ್ನ ತಕರಾರು ಪಟ್ಟಿಯ ಬಗ್ಗೆ ಅಲ್ಲ, ಪಂಚಾಂಗದ ಬಗ್ಗೆ. ಕಾಲೇಜಿಗೆ ಕಟ್ಟಬೇಕಾದ ರೊಕ್ಕ ಮುಂಗಾರಿನಲ್ಲಿ, ಸರ್ಕಾರ ಕೊಡುವ ರೊಕ್ಕ ಮರುವರ್ಷದ ಮುಂಗಾರಿನಲ್ಲಿ. ನಡುವಿನ ಆ ಹತ್ತು-ಹನ್ನೆರಡು ತಿಂಗಳನ್ನು ಯಾರು ದಾಟಬಲ್ಲರೋ ಅವರು ಮಾತ್ರ ಓದುತ್ತಾರೆ. ದಾಟಲು ಬರುವವರಿಗೆ ಆ ನೆರವಿನ ಅಗತ್ಯ ಅಷ್ಟಕ್ಕಷ್ಟೆ. ಅಗತ್ಯ ಇದ್ದವರಿಗೆ ದಾಟಲು ಬರುವುದಿಲ್ಲ. ಇದನ್ನು ಯೋಜನೆ ಎಂದು ಕರೆಯಲು ನನ್ನ ನಾಲಿಗೆ ಏಳುವುದಿಲ್ಲ.

ನಾನು ಧಾರವಾಡ ಸೀಮೆಯ ಒಂದು ತಾಲೂಕು ಊರಿನ ಪದವಿಪೂರ್ವ ಕಾಲೇಜಿನಲ್ಲಿ 31 ವರ್ಷ ಅರ್ಥಶಾಸ್ತ್ರ ಕಲಿಸಿ 2019ರಲ್ಲಿ ನಿವೃತ್ತನಾದವನು. ಬೇಡಿಕೆ-ಪೂರೈಕೆಯ ರೇಖೆಗಳನ್ನು ಎಷ್ಟು ಸಲ ಬೋರ್ಡಿನ ಮೇಲೆ ಎಳೆದೆನೋ ಲೆಕ್ಕವಿಲ್ಲ. ಆದರೆ ಊರಿನವರಿಗೆ ನನ್ನಿಂದ ಬೇಕಾದದ್ದು ಆ ರೇಖೆಗಳಲ್ಲ. ಅರ್ಜಿ ತುಂಬಿಕೊಡುವುದು, ಯಾವ ಕಾಗದಕ್ಕೆ ಯಾರ ಸಹಿ ಎಂದು ಹೇಳುವುದು, ಆಪ್ಷನ್ ಎಂಟ್ರಿ ಮಾಡುವಾಗ ಪಕ್ಕಕ್ಕೆ ಕೂತಿರುವುದು, ಇದೇ ನನ್ನ ನಿಜವಾದ ಮಾಸ್ತರಿಕೆ. ನಿವೃತ್ತನಾದರೂ ಅದು ತಪ್ಪಿಲ್ಲ. ಜೂನ್ ತಿಂಗಳಿಂದ ಸೆಪ್ಟೆಂಬರ್ ವರೆಗೆ ನಮ್ಮ ಮನೆಯ ಕಟ್ಟೆಯ ಮೇಲೆ ಯಾರಾದರೂ ಒಬ್ಬರು ಪ್ಲಾಸ್ಟಿಕ್ ಚೀಲದಲ್ಲಿ ಕಾಗದಪತ್ರ ಹಿಡಿದು ಕೂತೇ ಇರುತ್ತಾರೆ. ಆ ಚೀಲಗಳನ್ನು ನೋಡಿ ನೋಡಿ ಬಂದ ಸಿಟ್ಟು ಈ ಬರಹ.

ಚೀಲದಲ್ಲಿ ಏನಿರುತ್ತದೆ ಎಂದು ಮೊದಲು ಹೇಳುತ್ತೇನೆ. ಹತ್ತನೆಯ ಇಯತ್ತೆಯ ಅಂಕಪಟ್ಟಿ, ಪಿ.ಯು. ಅಂಕಪಟ್ಟಿ, ನಾಡಕಚೇರಿಯಿಂದ ತಂದ ಜಾತಿ ಮತ್ತು ಆದಾಯದ ಪ್ರಮಾಣಪತ್ರ. ಆ ಪ್ರಮಾಣಪತ್ರದ ಮೇಲಿನ ಆರ್.ಡಿ. ನಂಬರು ಒಂದಂಕಿ ತಪ್ಪಿದರೆ ಮುಂದಿನದೆಲ್ಲ ತಪ್ಪು. ಹಳ್ಳಿಯಲ್ಲಿ ಓದಿದ್ದಕ್ಕೆ ಬಿ.ಇ.ಓ. ಮೇಲುಸಹಿ ಮಾಡಿದ ವ್ಯಾಸಂಗ ಪ್ರಮಾಣಪತ್ರ, ಆಧಾರ್, ರೇಷನ್ ಕಾರ್ಡು, ಆಧಾರಿಗೆ ಜೋಡಿಸಿದ ಬ್ಯಾಂಕಿನ ಪಾಸ್‌ಬುಕ್ಕು. ತಾನು ಬಡವಳೆಂದು, ತಾನು ಇಂಥ ಜಾತಿಯವಳೆಂದು, ತಾನು ಹಳ್ಳಿಯ ಶಾಲೆಯಲ್ಲೇ ಓದಿದವಳೆಂದು, ತಾನು ತಾನೇ ಎಂದು ಹುಡುಗಿ ಸಿದ್ಧ ಮಾಡಿ ತೋರಿಸುತ್ತಾಳೆ. ಇಷ್ಟು ಪುರಾವೆ ಕೇಳಿದ ಮೇಲೆ ಸರ್ಕಾರಕ್ಕೆ ಅವಳ ಮನೆಯ ಸ್ಥಿತಿ ಗೊತ್ತಿಲ್ಲ ಎನ್ನುವಂತಿಲ್ಲ. ಸೀಟು ಹಂಚುವ ದಿನಕ್ಕೆ ಅದಕ್ಕೆ ಎಲ್ಲ ಗೊತ್ತಿರುತ್ತದೆ. ಗೊತ್ತಿದ್ದೂ ಆ ದಿನ ಅದು ಹೇಳುವುದು ಒಂದೇ ಮಾತು: ಇಂಥ ತಾರೀಖಿನೊಳಗೆ ಶುಲ್ಕ ಕಟ್ಟು, ಇಲ್ಲವಾದರೆ ಸೀಟು ರದ್ದು.

2023ರ ಮಳೆಗಾಲದಲ್ಲಿ ನಮ್ಮ ಕಾಲೇಜಿನಲ್ಲಿ ಓದಿದ ಒಬ್ಬ ಹುಡುಗಿಗೆ ಸಿಇಟಿಯಲ್ಲಿ ಎಂಜಿನಿಯರಿಂಗ್ ಸೀಟು ಬಂತು. ಖಾಸಗಿ ಕಾಲೇಜು, ಆದರೆ ಸರ್ಕಾರಿ ಕೋಟಾದ ಸೀಟು. ತಂದೆಗೆ ಎರಡು ಎಕರೆ ಎರಿ ಹೊಲ, ಮಳೆಯನ್ನೇ ನಂಬಿದ್ದು. ಆ ವರ್ಷ ಮಳೆ ಹೇಗಿತ್ತೆಂದರೆ ರಾಜ್ಯದ 236 ತಾಲೂಕುಗಳಲ್ಲಿ 223 ಬರಪೀಡಿತ ಎಂದು ಸರ್ಕಾರವೇ ಘೋಷಿಸಿತು. ಶುಲ್ಕ, ಕಾಲೇಜಿನವರು ಕೇಳಿದ ‘ಇತರೆ ಶುಲ್ಕ’, ಉಳಿದುಕೊಳ್ಳಲು ಪಿ.ಜಿ.ಯ ಡಿಪಾಜಿಟ್ಟು ಎಲ್ಲ ಸೇರಿ ಮೊದಲ ತಿಂಗಳಲ್ಲೇ ಬೇಕಾದದ್ದು ಒಂದು ಲಕ್ಷದ ಮೇಲೆ. ತಂದೆ ಕಟ್ಟೆಯ ಮೇಲೆ ಕೂತು ಹೇಳಿದ ಮಾತು ಇದು:

“ಸರ‍್ರ, ಹುಡುಗಿಗೆ ಸೀಟು ಬಂದೈತ್ರಿ. ರೊಕ್ಕ ಎಲ್ಲಿಂದ ತರೂದ್ರಿ? ಹೆಸರು ಕೈಗೆ ಹತ್ತಿದ್ರ ಹೆಂಗರ ಆಗತಿತ್ತು.”

“ಬ್ಯಾಂಕಿಗೆ ಹೋಗಿದ್ರೇನು?” ಎಂದೆ.

“ಹೋಗಿದ್ನಿರಿ. ಮ್ಯಾನೇಜರ ಸಾಹೇಬ್ರು ಅಡ್ಮಿಷನ್ ಆರ್ಡರ್ ತರ‍್ರಿ, ನೋಡೂಣು ಅಂದ್ರು. ಆರ್ಡರ್ ಪ್ರಿಂಟ್ ಆಗಬೇಕಂದ್ರ ಮೊದಲ ರೊಕ್ಕ ಕಟ್ಟಬೇಕಂತ್ರಿ. ರೊಕ್ಕ ಇದ್ದಿದ್ರ ನಾ ಯಾಕ ಬ್ಯಾಂಕಿಗೆ ಹೋಗತಿದ್ದೆ?”

ನಾನು ಕಲಿಸಿದ ಯಾವ ಪಠ್ಯದಲ್ಲೂ ಈ ಪ್ರಶ್ನೆಗೆ ಉತ್ತರ ಇರಲಿಲ್ಲ. ಹುಡುಗಿಯ ತಾಯಿಯ ಬಂಗಾರ ಒತ್ತೆ ಹೋಯಿತು. ಅದಕ್ಕೂ ಸಾಲದೆ 60 ಸಾವಿರ ರೂಪಾಯಿಯನ್ನು ನೂರಕ್ಕೆ ತಿಂಗಳಿಗೆ ಮೂರು ರೂಪಾಯಿ ಬಡ್ಡಿಯಂತೆ ಕೈಗಡ ತಂದರು. ಮೂರು ರೂಪಾಯಿ ಎಂದರೆ ಕಿವಿಗೆ ಹಗುರ. ವರ್ಷಕ್ಕೆ ಅದು ನೂರಕ್ಕೆ 36. ಹತ್ತು ತಿಂಗಳಾದ ಮೇಲೆ ಹುಡುಗಿಯ ಖಾತೆಗೆ ಸರ್ಕಾರದ ಹಣ ಬಂತು, 20 ಸಾವಿರಕ್ಕಿಂತ ತುಸು ಕಡಿಮೆ. ಅಷ್ಟರಲ್ಲಿ ಬಡ್ಡಿಯೇ 18 ಸಾವಿರ ಆಗಿತ್ತು. ಈಗ ನೀವೇ ಹೇಳಿ, ಆ ವಿದ್ಯಾರ್ಥಿವೇತನ ಯಾರಿಗೆ ಸಂದಿತು? ದಾಖಲೆಯಲ್ಲಿ ಫಲಾನುಭವಿ ಹುಡುಗಿ. ವಾಸ್ತವದಲ್ಲಿ ಫಲಾನುಭವಿ ನಮ್ಮೂರ ಬಡ್ಡಿ ಸಾಹುಕಾರ. ಅವನಿಗೆ ಆದಾಯದ ಪ್ರಮಾಣಪತ್ರವೂ ಬೇಕಾಗಲಿಲ್ಲ. ಅದೇ ಕಾಲೇಜಿನಲ್ಲಿ, ಅದೇ ಬೆಂಚಿನಲ್ಲಿ, ಅದೇ ಶುಲ್ಕಕ್ಕೆ ಕೂತ ನೌಕರದಾರನ ಮಗನಿಗಿಂತ ಬರಗಾಲದ ರೈತನ ಮಗಳಿಗೆ ಆ ಸೀಟು 18 ಸಾವಿರ ಹೆಚ್ಚಿಗೆ ಬಿತ್ತು. ಬಡವರಿಗೆ ರಿಯಾಯಿತಿ ಎಂದರೆ ಇದೇ ಏನು?

ಇದು ಒಬ್ಬರ ದುರದೃಷ್ಟ ಎಂದು ತಳ್ಳಿಹಾಕಬೇಡಿ. ನಮ್ಮ ಕಡೆಯ ರೈತನ ಕೈಗೆ ಹಣ ಯಾವಾಗ ಬರುತ್ತದೆ ನೋಡಿ. ಹೆಸರು ಬರುವುದು ಆಗಸ್ಟ್ ಕೊನೆಗೆ, ಸೆಪ್ಟೆಂಬರಿಗೆ. ಹತ್ತಿ ಬಿಡಿಸುವುದು ದೀಪಾವಳಿಯ ಆಚೀಚೆಯಿಂದ. ಮೆಣಸಿನಕಾಯಿ ಬ್ಯಾಡಗಿಯ ಪೇಟೆ ಕಾಣುವುದು ಸಂಕ್ರಾಂತಿಯ ಹೊತ್ತಿಗೆ, ಆಮೇಲೆ ಹಿಂಗಾರಿ ಜೋಳ, ಕಡಲೆ. ಜೂನ್-ಜುಲೈ ತಿಂಗಳೆಂದರೆ ಬೀಜ, ಗೊಬ್ಬರ, ಕಳೆ ಎಂದು ಇದ್ದಬದ್ದ ರೊಕ್ಕವನ್ನೆಲ್ಲ ನೆಲಕ್ಕೆ ಚೆಲ್ಲಿ ಆಕಾಶ ನೋಡುವ ಕಾಲ. ಕಾಲೇಜುಗಳು ಬಾಗಿಲು ತೆರೆದು ಕೈಚಾಚುವುದು ಸರಿಯಾಗಿ ಅದೇ ಕಾಲಕ್ಕೆ. ತಿಂಗಳ ಪಗಾರ ಬರುವವನಿಗೆ ಆಗಸ್ಟ್ ಆದರೂ ಒಂದೇ, ಫೆಬ್ರುವರಿ ಆದರೂ ಒಂದೇ. ಪ್ರವೇಶದ ವೇಳಾಪಟ್ಟಿ ಬರೆಯುವವರೆಲ್ಲ ಪಗಾರದವರು. ಆದ್ದರಿಂದ ಅವರ ಪಂಚಾಂಗದಲ್ಲಿ ಸುಗ್ಗಿ ಎಂಬ ತಿಂಗಳೇ ಇಲ್ಲ.

ಕಾಲೇಜಿನ ಶುಲ್ಕದ ಬಗ್ಗೆ ಈ ರಾಜ್ಯದಲ್ಲಿ ಜಗಳವೇ ಆಗಿಲ್ಲವೆಂದಲ್ಲ. ಇಡೀ ದೇಶದಲ್ಲಿ ಈ ಜಗಳಕ್ಕೆ ಕರ್ನಾಟಕವೇ ತವರುಮನೆ. ಕ್ಯಾಪಿಟೇಷನ್ ಹಾವಳಿ ತಡೆಯಲು 1984ರಲ್ಲೇ ಇಲ್ಲಿ ಕಾಯ್ದೆ ಬಂತು. 1989ರಲ್ಲಿ ಸರ್ಕಾರ ಖಾಸಗಿ ವೈದ್ಯಕೀಯ ಕಾಲೇಜುಗಳಿಗೆ ವರ್ಷದ ಶುಲ್ಕ ಗೊತ್ತು ಮಾಡಿತು: ಸರ್ಕಾರಿ ಸೀಟಿಗೆ 2 ಸಾವಿರ, ಉಳಿದ ಕರ್ನಾಟಕದವರಿಗೆ 25 ಸಾವಿರ, ಹೊರರಾಜ್ಯದವರಿಗೆ 60 ಸಾವಿರದವರೆಗೆ. ಉತ್ತರ ಪ್ರದೇಶದ ಮೀರತ್ತಿನಿಂದ ಬಂದ ವಿದ್ಯಾರ್ಥಿನಿ ಮೋಹಿನಿ ಜೈನ್ ಅದನ್ನು ಪ್ರಶ್ನಿಸಿ ಸುಪ್ರೀಂ ಕೋರ್ಟಿಗೆ ಹೋದರು. ಕ್ಯಾಪಿಟೇಷನ್ ಸಂವಿಧಾನಕ್ಕೆ ವಿರುದ್ಧ ಎಂದು 1992ರಲ್ಲಿ ತೀರ್ಪಾಯಿತು. ಮರುವರ್ಷವೇ ಉನ್ನಿಕೃಷ್ಣನ್ ಪ್ರಕರಣದಲ್ಲಿ ಅರ್ಧ ಉಚಿತ ಸೀಟು, ಅರ್ಧ ಹಣದ ಸೀಟು ಎಂಬ ಹಂಚಿಕೆ ಬಂತು. 1994ರಿಂದ ಸಿಇಟಿ ನಡೆಯಿತು. 2002ರಲ್ಲಿ ಟಿ.ಎಂ.ಎ. ಪೈ ಪ್ರಕರಣದಲ್ಲಿ 11 ನ್ಯಾಯಮೂರ್ತಿಗಳ ಪೀಠ ಆ ಉಚಿತ-ಹಣದ ಹಂಚಿಕೆಯನ್ನು ತೆಗೆದುಹಾಕಿತು. 2005ರಲ್ಲಿ ಇನಾಮದಾರ್ ಪ್ರಕರಣದಲ್ಲಿ ಇನ್ನೊಂದು ಪೀಠ ಅನಿವಾಸಿಗಳಿಗೆ ಶೇಕಡಾ 15ರವರೆಗೆ ಸೀಟು ಇಡಲು ಒಪ್ಪಿತು.

ಈ ಜಗಳದಿಂದ ಲಾಭ ಆಗಲಿಲ್ಲ ಎಂದರೆ ಕೃತಘ್ನತೆಯಾದೀತು. ಸಿಇಟಿ ಬಂದಿದ್ದರಿಂದಲೇ ನನ್ನಂಥವರ ಎಷ್ಟೋ ವಿದ್ಯಾರ್ಥಿಗಳು ಯಾರ ಚೀಟಿಯನ್ನೂ ಹಿಡಿಯದೆ ಡಾಕ್ಟರಾದರು, ಎಂಜಿನಿಯರಾದರು. ಹಳ್ಳಿಯಲ್ಲಿ ಓದಿದವರಿಗೆ ಶೇಕಡಾ 15, ಕನ್ನಡ ಮಾಧ್ಯಮದವರಿಗೆ ಶೇಕಡಾ 5 ಮೀಸಲಾತಿ ಸಿಕ್ಕದ್ದು ದೊಡ್ಡ ಮಾತು. ಆದರೆ ಆ ಕಾಯ್ದೆ, ತೀರ್ಪು, ಸಮಿತಿಗಳ ರಾಶಿಯನ್ನೆಲ್ಲ ಜಾಲಾಡಿ ನೋಡಿ, ಎಲ್ಲರೂ ಗುದ್ದಾಡಿದ್ದು ಎರಡು ಪ್ರಶ್ನೆಗಳ ಸುತ್ತ: ಸೀಟು ಯಾರಿಗೆ? ಶುಲ್ಕ ಎಷ್ಟು? ಯಾವಾಗ ಕಟ್ಟಬೇಕು ಎಂಬುದು ಗುಮಾಸ್ತನ ಕೆಲಸವೆಂದು ಬಿಟ್ಟರು. ಕೊನೆಗೆ ಬಡವರ ಮಕ್ಕಳನ್ನು ಸೋಸಿ ಹೊರಗಿಟ್ಟದ್ದು ಆ ಗುಮಾಸ್ತನ ತಾರೀಖು.

ಹಿಂದಿನವರು ಈ ವಿಷಯದಲ್ಲಿ ನಮಗಿಂತ ಜಾಣರಿದ್ದರು. ಕೊಲ್ಹಾಪುರದ ಶಾಹೂ ಮಹಾರಾಜರು ಹಿಂದುಳಿದವರು ಓದಬೇಕೆಂದು ಮನಸ್ಸು ಮಾಡಿದಾಗ ಬರೀ ಶುಲ್ಕದ ಮಾತಾಡುತ್ತ ಕೂಡಲಿಲ್ಲ, 1901ರಿಂದ ಒಂದೊಂದೇ ಸಮಾಜಕ್ಕೆ ಬೋರ್ಡಿಂಗ್ ಕಟ್ಟಿಸುತ್ತ ಹೋದರು. ಮಂಗಳೂರಿನಲ್ಲಿ ಕುದ್ಮುಲ್ ರಂಗರಾಯರು ದಲಿತ ಮಕ್ಕಳಿಗೆ ಶಾಲೆಯ ಜೊತೆಗೆ ಇರಲು ಜಾಗವನ್ನೂ ಮಾಡಿದರು. ತುಮಕೂರಿನ ಸಿದ್ಧಗಂಗೆಯಲ್ಲಿ ಸಾವಿರಾರು ಮಕ್ಕಳು ಇಂದಿಗೂ ಉಂಡು ಓದುತ್ತಾರೆ. ನಾನು ಎಪ್ಪತ್ತರ ದಶಕದ ಕೊನೆಗೆ ಧಾರವಾಡಕ್ಕೆ ಬಂದಾಗ ಒಂದು ಮಠದ ಉಚಿತ ಪ್ರಸಾದ ನಿಲಯದಲ್ಲಿ ಜಾಗ ಸಿಕ್ಕಿತು. ಜೋಳದ ರೊಟ್ಟಿ, ಬ್ಯಾಳಿ, ಒಂದು ಕಂಬಳಿ ಹಾಸುವಷ್ಟು ನೆಲ. ಬಂದ ದಿನವೇ ರಾತ್ರಿ ಊಟ ಆಯಿತು. ‘ಈಗ ನೀನು ಖಾನಾವಳಿಯಲ್ಲಿ ಉಣ್ಣು, ಪಾವತಿ ಇಟ್ಟುಕೋ, ಮುಂದಿನ ವರ್ಷ ನಾವು ಕೊಡುತ್ತೇವೆ’ ಎಂದು ಅಲ್ಲಿಯ ಯಾವ ಸ್ವಾಮಿಗಳೂ ಹೇಳಲಿಲ್ಲ. ಹೇಳಿದ್ದರೆ ನಾನು ಮರುದಿನದ ಬಸ್ಸಿಗೆ ಊರು ಸೇರುತ್ತಿದ್ದೆ, ಈ ಪುಟಕ್ಕೆ ಬೇರೆ ಯಾರೋ ಬರೆಯುತ್ತಿದ್ದರು.

ಆ ಕಾಲವೇ ಚೆನ್ನಾಗಿತ್ತು ಎಂದು ಹಾಡಿ ಹೊಗಳಲು ನಾನು ಹೊರಟಿಲ್ಲ. ವಾರಾನ್ನದ ಮನೆಗಳ ಬಾಗಿಲು ಎಲ್ಲ ಜಾತಿಯ ಹುಡುಗರಿಗೆ ತೆರೆಯುತ್ತಿರಲಿಲ್ಲ. ಬೋರ್ಡಿಂಗುಗಳಿಗೆ ಜಾತಿಯ ಹೆಸರಿತ್ತು. ಹುಡುಗಿಯರ ಗತಿಯಂತೂ ಕೇಳುವುದೇ ಬೇಡ. ಹಂಗಿನ ಅನ್ನದ ರುಚಿ ಉಂಡವರಿಗೇ ಗೊತ್ತು. ದಾನದ ಜಾಗಕ್ಕೆ ಹಕ್ಕು ಬರಬೇಕಿತ್ತು, ಬಂತು, ಒಳ್ಳೆಯದೇ ಆಯಿತು. ಆದರೆ ದಾನ ಮಾಡುವವನು ಹಸಿದ ಹೊತ್ತಿಗೆ ಬಡಿಸುತ್ತಿದ್ದ. ಹಕ್ಕು ಕೊಡುವವನು ಊಟದ ಬಿಲ್ಲು ತಂದು ತೋರಿಸು ಅನ್ನುತ್ತಿದ್ದಾನೆ.

ಡಾಕ್ಟರ್ ಅಂಬೇಡ್ಕರರ ಓದಿನ ಕಥೆಯನ್ನು ನಾವು ಭಾಷಣಗಳಲ್ಲಿ ಹೇಳುತ್ತೇವೆ. ಅದರಲ್ಲಿರುವ ರೊಕ್ಕದ ಲೆಕ್ಕವನ್ನು ಹೇಳುವುದಿಲ್ಲ. 1913ರಲ್ಲಿ ಬರೋಡೆಯ ಸಯಾಜಿರಾವ್ ಗಾಯಕವಾಡರು ತಿಂಗಳಿಗೆ ಹನ್ನೊಂದೂವರೆ ಪೌಂಡಿನಂತೆ ಮೂರು ವರ್ಷದ ವೇತನ ಗೊತ್ತು ಮಾಡಿದರು, ಅಂಬೇಡ್ಕರರು ಹಡಗು ಹತ್ತಿ ಕೊಲಂಬಿಯಾ ವಿಶ್ವವಿದ್ಯಾಲಯ ಸೇರಿದರು. ಅಲ್ಲಿಂದ ಲಂಡನ್ನಿಗೆ ಹೋದರು. 1917ರಲ್ಲಿ ವೇತನದ ಅವಧಿ ಮುಗಿಯಿತು. ಬುದ್ಧಿ ಮುಗಿದಿರಲಿಲ್ಲ, ಓದು ಮುಗಿದಿರಲಿಲ್ಲ, ಹಣ ಮುಗಿದಿತ್ತು. ಲಂಡನ್ನಿನ ಓದನ್ನು ಅರ್ಧಕ್ಕೇ ಬಿಟ್ಟು ಅವರು ಭಾರತಕ್ಕೆ ಮರಳಬೇಕಾಯಿತು. ಮುಂಬಯಿಯಲ್ಲಿ ಪಾಠ ಹೇಳಿ ಉಳಿಸಿದ ಹಣಕ್ಕೆ ಶಾಹೂ ಮಹಾರಾಜರ ನೆರವೂ ಕೂಡಿದ ಮೇಲೆ 1920ರಲ್ಲಿ ಮತ್ತೆ ಹೊರಟರು. ಅಂಥ ಮೇಧಾವಿಯ ಓದಿಗೇ ರೊಕ್ಕದ ತಾರೀಖು ಮೂರು ವರ್ಷ ಅಡ್ಡ ಹಾಕಿತು. ಪ್ರತಿಭೆ ಇದ್ದವನನ್ನು ಯಾರೂ ತಡೆಯಲಾರರು ಎನ್ನುವ ಮಹನೀಯರು ಈ ಲೆಕ್ಕವನ್ನು ಎರಡು ಸಲ ಓದಬೇಕು.

ಆ ಮಹನೀಯರ ಇನ್ನೊಂದು ವಾದ ಪತ್ರಿಕೆಗಳಿಂದ ಹುಟ್ಟುತ್ತದೆ. ಫಲಿತಾಂಶ ಬಂದ ವಾರ ಕೂಲಿಕಾರನ ಮಗನಿಗೆ ರ‍್ಯಾಂಕ್ ಎಂದು ಫೋಟೊ ಬರುತ್ತದೆ. ಮರುದಿನ ದಾನಿಗಳು ಬರುತ್ತಾರೆ, ಶಾಲು ಹೊದಿಸಿ ಚೆಕ್ಕು ಕೊಡುತ್ತಾರೆ, ಆ ಫೋಟೊವೂ ಬರುತ್ತದೆ. ನೋಡಿರಿ, ಸಮಾಜ ಸತ್ತಿಲ್ಲ ಎಂದು ನಾವು ಚಹಾ ಕುಡಿಯುತ್ತೇವೆ. ನನಗೆ ಆ ಹುಡುಗನ ಮೇಲೂ ಸಿಟ್ಟಿಲ್ಲ, ದಾನಿಯ ಮೇಲೂ ಸಿಟ್ಟಿಲ್ಲ. ಆದರೆ ಶೇಕಡಾ 74 ಅಂಕ ಪಡೆದು ನರ್ಸಿಂಗ್ ಓದಬೇಕೆನ್ನುವ, ಬಿ.ಎಸ್ಸಿ. ಮಾಡಿ ಮಾಸ್ತರತಿ ಆಗಬೇಕೆನ್ನುವ ಹುಡುಗಿಯ ಫೋಟೊ ಯಾವ ಪತ್ರಿಕೆಯಲ್ಲಿ ಬರುತ್ತದೆ? ದೇಶ ನಡೆಯುವುದು ರ‍್ಯಾಂಕಿನವರಿಂದ ಮಾತ್ರ ಅಲ್ಲ. ಬಡವರ ಮಕ್ಕಳು ಓದಬೇಕಾದರೆ ಮೊದಲು ಅಸಾಮಾನ್ಯರಾಗಬೇಕು, ಸಾಹುಕಾರರ ಮಕ್ಕಳಿಗೆ ಸಾಮಾನ್ಯರಾಗಿದ್ದರೂ ನಡೆಯುತ್ತದೆ ಎಂಬುದು ಮೆರಿಟ್ ಅಲ್ಲ. ಮ್ಯಾನೇಜ್‌ಮೆಂಟ್ ಕೋಟಾ ಎಂಬ ಬಾಗಿಲು ಇರುವವರೆಗೆ ಮೆರಿಟ್ಟಿನ ಉಪದೇಶವನ್ನು ನನ್ನ ಕಟ್ಟೆಗೆ ಯಾರೂ ತರಬಾರದು.

ಸಾಲ ಇದೆಯಲ್ಲ ಎನ್ನುತ್ತಾರೆ. ಇದೆ. ಬ್ಯಾಂಕುಗಳ ಮಾದರಿ ಶಿಕ್ಷಣ ಸಾಲ ಯೋಜನೆಯಲ್ಲಿ 4 ಲಕ್ಷದವರೆಗೆ ಆಸ್ತಿಯ ಭದ್ರತೆ ಕೇಳಬಾರದು. ಕೇಳುವುದಿಲ್ಲ, ‘ಹೊಲದ ಉತಾರ ಇದ್ರ ತಗೊಂಡು ಬರ‍್ರಿ’ ಎನ್ನುತ್ತಾರೆ ಅಷ್ಟೆ. 2024ರ ನವೆಂಬರಿನಲ್ಲಿ ಕೇಂದ್ರ ಸರ್ಕಾರ ಪ್ರಧಾನಮಂತ್ರಿ ವಿದ್ಯಾಲಕ್ಷ್ಮಿ ಎಂಬ ಯೋಜನೆ ತಂದಿತು. ಜಾಮೀನಿಲ್ಲದ ಸಾಲ, ಬಡ್ಡಿಯಲ್ಲಿ ರಿಯಾಯಿತಿ. ಒಳ್ಳೆಯ ಮಾತು. ಆದರೆ ಅದು ಪಟ್ಟಿಯಲ್ಲಿರುವ ಮೇಲಿನ ದರ್ಜೆಯ ಸಂಸ್ಥೆಗಳಲ್ಲಿ ಸೀಟು ಪಡೆದವರಿಗೆ. ನಮ್ಮ ತಾಲೂಕಿನ ಮಕ್ಕಳು ಹೋಗುವ ಕಾಲೇಜುಗಳನ್ನು ಆ ಪಟ್ಟಿಯಲ್ಲಿ ಹುಡುಕಿ ನನ್ನ ಕಣ್ಣು ನೋಯಿತು. ಮೇಲಾಗಿ ಸಾಲ ಎಂದರೆ ಸಾಲವೇ. ಹದಿನೆಂಟು ವರ್ಷದ ಹುಡುಗಿ ಓದು ಶುರು ಮಾಡುವ ಮೊದಲೇ ಋಣಪತ್ರಕ್ಕೆ ಸಹಿ ಹಾಕಲಿ ಎನ್ನುವವರು, ಅವಳ ಹೆಸರಿನಲ್ಲಿ ಬಜೆಟ್ಟಿನಲ್ಲಿಟ್ಟ ವಿದ್ಯಾರ್ಥಿವೇತನ ಆ ಹೊತ್ತಿಗೆ ಎಲ್ಲಿ ಮಲಗಿರುತ್ತದೆ ಎಂದು ಹೇಳಬೇಕು.

ಸಹಾಯವನ್ನು ಸರಿಯಾದ ಹೊತ್ತಿಗೆ ಕೊಡುವುದು ಆಡಳಿತಕ್ಕೆ ಬರುವುದಿಲ್ಲ ಎಂದಲ್ಲ. ಜೂನ್ ತಿಂಗಳಲ್ಲಿ ರೈತ ಸಂಪರ್ಕ ಕೇಂದ್ರಕ್ಕೆ ಹೋಗಿ ನೋಡಿ: ಬೀಜದ ರಿಯಾಯಿತಿಯನ್ನು ಕೌಂಟರಿನಲ್ಲೇ ಕಳೆದು ಉಳಿದ ಹಣ ತೆಗೆದುಕೊಳ್ಳುತ್ತಾರೆ. 2023ರ ಜೂನ್ 11ರಿಂದ ಹೆಣ್ಣುಮಕ್ಕಳಿಗೆ ಸರ್ಕಾರಿ ಬಸ್ಸಿನಲ್ಲಿ ಉಚಿತ ಪ್ರಯಾಣ ಬಂತು. ಅದರ ರಾಜಕೀಯ ಏನೇ ಇರಲಿ, ನಡೆಯುವ ರೀತಿ ನೋಡಿ. ಹುಡುಗಿ ಬಸ್ಸು ಹತ್ತಿದರೆ ಕಂಡಕ್ಟರ್ ಅಲ್ಲೇ ಸೊನ್ನೆ ರೂಪಾಯಿಯ ಟಿಕೆಟ್ ಹರಿದುಕೊಡುತ್ತಾನೆ. ವರ್ಷದ ಟಿಕೆಟುಗಳನ್ನೆಲ್ಲ ಅಂಟಿಸಿ ಅರ್ಜಿ ಹಾಕು, ಆಮೇಲೆ ಖಾತೆಗೆ ಜಮಾ ಮಾಡುತ್ತೇವೆ ಎಂದಿದ್ದರೆ ಎಷ್ಟು ಹೆಣ್ಣುಮಕ್ಕಳು ಬಸ್ಸು ಹತ್ತುತ್ತಿದ್ದರು? ಅಷ್ಟೇಕೆ, ಆದಾಯದ ಮಿತಿಯೊಳಗಿನ ಪರಿಶಿಷ್ಟ ಜಾತಿ, ಪಂಗಡದ ಮಕ್ಕಳು ಸಿಇಟಿ ಸೀಟಿಗೆ ಪೂರ್ತಿ ಶುಲ್ಕವನ್ನು ಮುಂಗಡ ಕಟ್ಟದೆ ಪ್ರವೇಶ ಪಡೆಯಲು ನಿಯಮದಲ್ಲೇ ಅವಕಾಶ ಇದೆ. ಒಬ್ಬರಿಗೆ ಸಾಧ್ಯವಾದ ಲೆಕ್ಕಾಚಾರ ಎಲ್ಲ ಬಡವರಿಗೂ ಸಾಧ್ಯ. ಮನಸ್ಸು ಬೇಕು.

ಕಾಲೇಜು ನಡೆಸುವವರ ಉತ್ತರ ನನಗೆ ಗೊತ್ತು. ಸರ್ಕಾರ ತಡ ಮಾಡುತ್ತದೆ, ನಾವು ಉಪನ್ಯಾಸಕರ ಸಂಬಳ ಎಲ್ಲಿಂದ ಕೊಡೋಣ ಎನ್ನುತ್ತಾರೆ. ಮಾತು ಸುಳ್ಳಲ್ಲ. ಆದರೆ ಕಾಯುವ ಕಷ್ಟ ಯಾರಾದರೂ ಒಬ್ಬರ ತಲೆಯ ಮೇಲೆ ಬೀಳಲೇಬೇಕಾದರೆ ಅದು ಕಟ್ಟಡ, ಜಾಗ, ಬ್ಯಾಂಕಿನ ಪತ್ತು ಎಲ್ಲ ಇರುವ ಸಂಸ್ಥೆಯ ಮೇಲೆ ಬೀಳಬೇಕೋ, ಎರಡು ಎಕರೆಯವನ ಮೇಲೆ ಬೀಳಬೇಕೋ? ತಡವಾದದ್ದಕ್ಕೆ ಬಡ್ಡಿ ಬೇಕಾದರೆ ಸರ್ಕಾರದಿಂದ ಕೇಳಿ. ಹಾಗೆ ಕೇಳುವ ಬಲ ನಿಮಗಿದೆ, ವಿಧಾನಸೌಧದ ದಾರಿ ನಿಮಗೆ ಚೆನ್ನಾಗಿ ಗೊತ್ತು. ಅವರಿಬ್ಬರ ಲೆಕ್ಕದ ನಡುವೆ ಹುಡುಗಿಯ ತಾಯಿಯ ಕೊರಳಸರ ಯಾಕೆ ಬರಬೇಕು?

ನಾನು ಕೇಳುವುದು ಹೆಚ್ಚಿಗೆ ಏನಿಲ್ಲ. ಹೊಸ ಯೋಜನೆ ಬೇಡ, ಅದಕ್ಕೊಂದು ಹೊಸ ಹೆಸರೂ ಬೇಡ. ಒಂದು: ಯಾರಿಗೆ ವಿದ್ಯಾರ್ಥಿವೇತನ, ಶುಲ್ಕ ಮರುಪಾವತಿ ಸಲ್ಲುತ್ತದೋ ಅವರ ಪ್ರವೇಶದ ದಿನವೇ ಅಷ್ಟು ಹಣವನ್ನು ಶುಲ್ಕದಲ್ಲಿ ಕಳೆಯಿರಿ; ಉಳಿದ ವ್ಯವಹಾರ ಸರ್ಕಾರ ಮತ್ತು ಕಾಲೇಜಿನ ನಡುವೆ ಇರಲಿ. ಎರಡು: ಸೀಟಿನ ಜೊತೆಗೇ ಹಾಸ್ಟೆಲಿನ ಜಾಗವನ್ನೂ ಹಂಚಿರಿ. ಈಗ ಕಾಲೇಜು ಸೇರಿದ ಮೇಲೆ ಹಾಸ್ಟೆಲಿಗೆ ಅರ್ಜಿ, ಅರ್ಜಿಯ ಮೇಲೆ ಆಯ್ಕೆ ಪಟ್ಟಿ, ಪಟ್ಟಿ ಬರುವವರೆಗೆ ಹುಡುಗಿ ಎಲ್ಲಿ ಮಲಗಬೇಕು ಎಂದು ಯಾವ ಅರ್ಜಿಯಲ್ಲೂ ಕಾಲಂ ಇಲ್ಲ. ವಿದ್ಯಾಸಿರಿಯ ತಿಂಗಳ ರೊಕ್ಕ ಆಯಾ ತಿಂಗಳೇ ಬಂದರೆ ಊಟ; ವರ್ಷದ ಕೊನೆಗೆ ಒಟ್ಟಿಗೆ ಬಂದರೆ ಹಳೆಯ ಸಾಲದ ಕಂತು. ಮೂರು: ‘ಇತರೆ ಶುಲ್ಕ’ ಎಂಬುದರ ಒಳಗೆ ಏನೇನಿದೆ, ಮೊದಲ ವರ್ಷ ಒಟ್ಟು ಎಷ್ಟು ಬೀಳುತ್ತದೆ ಎಂದು ಆಪ್ಷನ್ ಎಂಟ್ರಿಗೆ ಮೊದಲೇ ಕನ್ನಡದಲ್ಲಿ ಅಚ್ಚು ಹಾಕಿಸಿರಿ. ಕುರಿ ಕೊಳ್ಳುವವನೂ ಬೆಲೆ ಕೇಳಿಯೇ ಹಗ್ಗ ಹಿಡಿಯುತ್ತಾನೆ. ನಾಲ್ಕು: ಶುಲ್ಕ ಬಾಕಿ ಇದೆ ಎಂದು ಮಕ್ಕಳ ಮೂಲ ಅಂಕಪಟ್ಟಿಗಳನ್ನು ಕಪಾಟಿನಲ್ಲಿಟ್ಟು ಬೀಗ ಹಾಕುವ ಚಾಳಿ ನಿಲ್ಲಲಿ. ಮೂಲ ಪ್ರಮಾಣಪತ್ರ ಇಟ್ಟುಕೊಳ್ಳಬಾರದೆಂದು ಯುಜಿಸಿ 2018ರಲ್ಲೇ ಹೇಳಿದೆ. ಹೇಳಿದ್ದು ನಡೆಯುತ್ತಿದೆಯೇ ಎಂದು ನೋಡುವವರು ಬೇಕಾಗಿದ್ದಾರೆ.

ಓದುಗರಲ್ಲಿ ಒಂದು ವಿನಂತಿ. ಪ್ರತಿ ವರ್ಷ ನಿಮ್ಮ ಊರಿನಲ್ಲೂ ಪ್ರತಿಭಾ ಪುರಸ್ಕಾರ ನಡೆಯುತ್ತದೆ. ಶಾಸಕರು ಬರುತ್ತಾರೆ, ಸಂಸ್ಥೆಗಳ ಅಧ್ಯಕ್ಷರು ಬರುತ್ತಾರೆ, ಮಕ್ಕಳಿಗೆ ಪೆನ್ನು, ನೆನಪಿನ ಕಾಣಿಕೆ ಕೊಡುತ್ತಾರೆ. ಬಡತನ ಓದಿಗೆ ಅಡ್ಡಿಯಾಗಬಾರದು ಎಂದು ಎಲ್ಲರೂ ಹೇಳುತ್ತಾರೆ. ಆಗ ಯಾರಾದರೂ ಒಬ್ಬರು ಎದ್ದು ನಿಂತು, ಸಿಟ್ಟು ಮಾಡಿಕೊಳ್ಳದೆ, ಒಂದೇ ಪ್ರಶ್ನೆ ಕೇಳಿ: “ಸಾಹೇಬ್ರ, ಹ್ವಾದ ವರ್ಷದ ವಿದ್ಯಾರ್ಥಿವೇತನ ನಮ್ಮ ತಾಲೂಕಿನ ಹುಡುಗರ ಕೈಗೆ ಯಾವ ತಿಂಗಳದಾಗ ಬಂತ್ರಿ?” ಉತ್ತರಕ್ಕೆ ಕಾಯಿರಿ. ಕೂತುಕೊಳ್ಳಬೇಡಿ.